ಶ್ರುತಿ ಸೇರಿದ್ದ ಒಂದೇ ಸ್ವರ

"ಪೆಟ್ಟಿಗೆ ಯಾರು ತಗೊಂಡ್ರು ಅಂತ ನಾನು ಕೇಳ್ತಿಲ್ಲ ಔನೆ ಅವರೇ," ಸಂಘದ ಅಧ್ಯಕ್ಷ ಡೆಲ್ಬರ್ಟ್ ಸ್ಟ್ರಾಂಡ್ ಕೈಗಡಿಯಾರದಿಂದ ಕಣ್ಣು ತೆಗೆಯದೆ ಹೇಳಿದ. "ಮೂರು ಗಂಟೆಗೆ ಅದು ವೇದಿಕೆ ಮೇಲಿರುತ್ತಾ, ಇರಲ್ವಾ? ಅಷ್ಟು ಹೇಳಿ, ಸಾಕು."

"ಇರುತ್ತೆ."

"ಹೇಗೆ? ಅದೇ ನಡ್ಕೊಂಡು ಬರುತ್ತಾ?"

ಸಮ್ಮೇಳನದ ಹೊಣೆ ಹೊತ್ತ ಔನೆ ಕಿವೆಲಾ ಖಾಲಿ ಮೇಜಿನ ಕಡೆ ನೋಡಿದಳು. ಪಿಯಾನೋ ಶ್ರುತಿಕಾರರ ಸಂಘದ ನೂರ ಎಂಬತ್ತೇಳು ಸದಸ್ಯರು ಸಹಿ ಹಾಕಿ ಕೊಟ್ಟ ಮತದ ಚೀಟಿಗಳ ಪೆಟ್ಟಿಗೆ, ಎಲ್ಲರೂ ಸರೋವರದ ದಂಡೆಯಲ್ಲಿ ಗುಂಪು ಫೋಟೋಗೆ ನಿಂತಿದ್ದ ಹೊತ್ತಿನಲ್ಲಿ, ಬೀಗ ಹಾಕಿದ್ದ ಈ ಕೋಣೆಯಿಂದ ಮಾಯವಾಗಿತ್ತು. ಬೀಗದ ಕೈ ಇದ್ದದ್ದು ಅವಳ ಕೊರಳಲ್ಲಿ.

"ನಿಯಮ ನಿಮಗೂ ಗೊತ್ತು," ಡೆಲ್ಬರ್ಟ್ ಬಾಗಿಲ ಕಡೆ ತಿರುಗಿದ. "ಚೀಟಿ ಇಲ್ಲದಿದ್ರೆ ಅಧ್ಯಕ್ಷನ ತೀರ್ಮಾನವೇ ಕೊನೆ. ಮುಂದಿನ ವರ್ಷದಿಂದ ನಮಗೆ ಬೇರೆ ಸಮ್ಮೇಳನ ಬೇಡ, ದೊಡ್ಡ ವಾದ್ಯ ಮೇಳದಲ್ಲೇ ಒಂದು ಮೂಲೆ ಸಾಕು ಅಂತ ನಾನು ಎರಡು ವರ್ಷದಿಂದ ಹೇಳ್ತಾ ಇದ್ದೀನಿ. ಕದ್ದು ಗೆಲ್ಲೋ ಅಗತ್ಯ ನನಗಿಲ್ಲ. ಜನ ಪಿಯಾನೋನ ಬೀದಿಗೆ ಇಟ್ಟು 'ಬೇಕಾದೋರು ತಗೊಂಡ್ಹೋಗಿ' ಅಂತ ಚೀಟಿ ಅಂಟಿಸೋ ಕಾಲ ಇದು. ನೀವು ಮಾತ್ರ ಕಾಫಿ ಬಿಡುವು ಎಷ್ಟು ನಿಮಿಷ ಅಂತ ತಲೆ ಕೆಡಿಸ್ಕೊಂಡು ಕೂತಿದ್ದೀರಿ."

ಅವನು ಹೋದ. ಹೊರಗೆ ಅದಿರು ಹಡಗೊಂದು, ದಾರಿ ಬಿಡಲು ಮೇಲೇಳುವ ಎತ್ತುಸೇತುವೆಗೆ ಕೂಗು ಹಾಕಿತು. ಒಂದು ಉದ್ದ, ಎರಡು ಗಿಡ್ಡ. ಗಾಳಿಗೆ ಹೋಟೆಲಿನ ಎಲ್ಲ ಬಾಗಿಲುಗಳೂ ಒಂದೊಂದಾಗಿ ನಡುಗಿದವು.

ಒಂದು ಗಂಟೆ ಹತ್ತು ನಿಮಿಷವಾಗಿತ್ತು.

ಔನೆ ಕೈಯಲ್ಲಿದ್ದ ಕಡತವನ್ನು ಮತ್ತೊಮ್ಮೆ ತಿರುವಿದಳು. ಪ್ರತಿ ಗೋಷ್ಠಿಯ ತಲೆ ಎಣಿಕೆ ಇತ್ತು, ಊಟದ ಎಣಿಕೆ ಇತ್ತು, ಯಾವ ಮೇಜಿಗೆ ಎಷ್ಟು ಕುರ್ಚಿ ಎಂಬುದೂ ಇತ್ತು. ಸಂಜೆ ಓದಬೇಕಿದ್ದ ನೆನಪಿನ ಪಟ್ಟಿ ಮಾತ್ರ ಸಿಗಲಿಲ್ಲ. ತೀರಿಹೋದ ಸದಸ್ಯರ ಹೆಸರನ್ನು ಈ ಸಂಘ ಎಂದೂ ಪುಸ್ತಕದಿಂದ ತೆಗೆಯುವುದಿಲ್ಲ. ವರ್ಷಕ್ಕೊಮ್ಮೆ ಒಂದೊಂದೇ ಹೆಸರು ಓದಿ, ಒಂದೊಂದಕ್ಕೂ ಒಂದು ಸ್ವರ ನುಡಿಸುತ್ತಾರೆ. ಎಲ್ಲಾದರೂ ಮಲಗುವ ಕೋಣೆಯಲ್ಲೇ ಬಿಟ್ಟಿರಬೇಕು ಎಂದುಕೊಂಡಳು. ಈಗ ಅದಕ್ಕೆ ಹೊತ್ತಿರಲಿಲ್ಲ.

"ನಾನು ಎಷ್ಟು ಸಲ ಹೇಳ್ಲಿ ಮೇಡಂ," ಎಂದಳು ರೊಸಾಲ್ವಾ. ಔತಣದ ಕೋಣೆಗಳೆಲ್ಲ ಅವಳ ಉಸ್ತುವಾರಿ. ಎಪ್ರನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. "ಹತ್ತರಿಂದ ಹನ್ನೆರಡರ ತನಕ ಈ ಕಡೆ ಪೂರ್ತಿ ಕರೆಂಟೇ ಇರ್ಲಿಲ್ಲ. ರಿಪೇರಿಯವನು ತೆಗೆದಿದ್ದ. ಈ ಕೋಣೆಗೆ ಕಿಟಕಿ ಬೇರೆ ಇಲ್ಲ. ಗವಿ ಥರ ಕತ್ತಲೆ."

"ಹಿಂದಿನ ಬಾಗಿಲು?"

"ಅಡುಗೆಮನೆ ಓಣಿಯಿಂದ ಬರ್ಬಹುದು. ಅದಕ್ಕೆ ಬೀಗ ಇಲ್ಲ. ಆದ್ರೆ ಓಣಿ ತುಂಬ ಕುರ್ಚಿ ಪೇರಿಸಿಟ್ಟಿದ್ದೆ, ಅರವತ್ತು ಕುರ್ಚಿ. ಒಂದೂ ಜರುಗಿಲ್ಲ ನೋಡಿ. ನಾನೇ ಆ ಕತ್ತಲಲ್ಲಿ ನಡೆದ್ರೆ ಮೊಣಕಾಲು ಮುರ್ಕೋತೀನಿ."

"ಫೋನಿನ ಬೆಳಕು ಹಿಡಿದು ಬಂದಿರ್ಬೇಕು."

"ಬೆಳಕು ಹಿಡಿದು ಬಂದಿದ್ರೆ ಇದನ್ನ ಮುಟ್ತಿದ್ರಾ?" ರೊಸಾಲ್ವಾ ಮೂಲೆಯ ಹಳೇ ಪಿಯಾನೋ ತೋರಿಸಿದಳು. ಅದರ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 'ಹಸಿ ಪಾಲಿಶ್, ಮುಟ್ಟಬೇಡಿ' ಎಂದು ಬರೆದ ರಟ್ಟು ನಿಂತಿತ್ತು. "ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿಸಿದ್ದು. ನೋಡಿ ಹೇಗೆ ಹಾಳು ಮಾಡಿದ್ದಾರೆ!"

ಮುಚ್ಚಳದ ಅಂಚಿನುದ್ದಕ್ಕೂ ನಾಲ್ಕು ಬೆರಳಿನ ಗುರುತು ಗೆರೆ ಎಳೆದಂತೆ ಸಾಗಿ, ನಡುವೆ ಬಂದು ನಿಂತಿತ್ತು.

ಔನೆ ಪಿಯಾನೋದ ಮುಂದಿದ್ದ ಸ್ಟೂಲಿನ ಮೇಲೆ ಕುಳಿತಳು. ಅವಳು ಶ್ರುತಿಕಾರಳಲ್ಲ. ಗಂಡ ರೈನೋ ಆಗಿದ್ದ. ಮೂವತ್ತು ವರ್ಷ ಅವನ ಪಕ್ಕದಲ್ಲಿ ಕುಳಿತು ಹೆಣಿಗೆ ಹಾಕಿದವಳಿಗೆ ಕಿವಿ ಮಾತ್ರ ಸ್ವಲ್ಪ ಪಳಗಿತ್ತು. ಏನೂ ತೋಚದೆ ಒಂದು ಬಿಳಿ ಮನೆ ಒತ್ತಿದಳು. ಅಪಸ್ವರ. ಪಕ್ಕದ್ದು ಒತ್ತಿದಳು. ಅದೂ ಅಪಸ್ವರ. ನಿನ್ನೆ ಸಂಜೆ ಇದೇ ಪಿಯಾನೋ ಮುಂದೆ ಇಡೀ ಗುಂಪು ಸಾಲುಗಟ್ಟಿ ನಕ್ಕಿತ್ತು. ಹೋಟೆಲಿನವರು ಮುಟ್ಟಬೇಡಿ ಎಂದಿದ್ದರಿಂದ ಎಲ್ಲರೂ ಕೈ ಕಟ್ಟಿ ಸಂಕಟಪಟ್ಟಿದ್ದರು. ವಿಲ್ಮಾ ಓಸ್ಬಿ ಮಾತ್ರ ತಡೆಯಲಾರದೆ ನಡುವಿನ ಧಾ ಒತ್ತಿ, "ಅಯ್ಯೋ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗಿದೆ ಕಣ್ರಪ್ಪಾ," ಎಂದಿದ್ದಳು.

ಔನೆ ಆ ಧಾ ಒತ್ತಿದಳು.

ತಿಳಿನೀರಿನಂಥ ಸ್ವರ. ಕೋಣೆಯ ತುಂಬ ನಿಂತು, ನಿಧಾನಕ್ಕೆ ಇಳಿಯಿತು.

ಮತ್ತೆ ಒತ್ತಿದಳು. ಮತ್ತೆ ಅದೇ. ಎಂಬತ್ತೆಂಟು ಮನೆಗಳಲ್ಲಿ ಎಂಬತ್ತೇಳು ಅಳುತ್ತಿದ್ದವು, ಇದೊಂದು ಮಾತ್ರ ಹಾಡುತ್ತಿತ್ತು.

"ರೊಸಾಲ್ವಾ, ಬೆಳಿಗ್ಗೆ ಯಾರಾದ್ರೂ ಇದನ್ನ ರಿಪೇರಿ ಮಾಡಿದ್ರಾ?"

"ಇದನ್ನಾ? ಇದು ಆರು ವರ್ಷದಿಂದ ಹೂದಾನಿ ಇಡೋಕೆ ಮಾತ್ರ ಇರೋದು."

ಔನೆ ಬೆರಳನ್ನು ಆ ಮನೆಯ ಮೇಲೇ ಇಟ್ಟುಕೊಂಡು ಯೋಚಿಸಿದಳು. ಪೆಟ್ಟಿಗೆ ಕದ್ದವನು ಕೂಡಲೇ ಓಡಿಹೋಗಿರಲಿಲ್ಲ. ಓಣಿಯಲ್ಲಿ ಯಾರೋ ಓಡಾಡುವ ಸದ್ದು ಕೇಳಿ, ಅದು ಅಡಗಲಿ ಎಂದು ಇಲ್ಲಿ ಕಾದು ಕುಳಿತಿರಬೇಕು. ಕಾಯುತ್ತ ಒಂದು ಮನೆ ಒತ್ತಿದ್ದ. ಒತ್ತಿದ ಮೇಲೆ ಆ ಅಪಸ್ವರ ಸರಿಮಾಡದೆ ಸುಮ್ಮನಿರಲು ಆಗಲಿಲ್ಲ. ಬೇರೆ ಯಾವ ಕಳ್ಳನಾದರೂ ಸುಮ್ಮನಿರುತ್ತಿದ್ದ. ಈ ಜನರಿಂದ ಮಾತ್ರ ಅದು ಆಗದ ಮಾತು; ರೈನೋ ಸಾವಿನ ಮನೆಗೆ ಹೋದಲ್ಲೂ ಹಾಗೇ ಮಾಡಿ ಬಂದಿದ್ದ.

ಕಳ್ಳ ಒಳಗಿನವನೇ. ಅದರಲ್ಲಿ ಅನುಮಾನ ಉಳಿಯಲಿಲ್ಲ.

ಅವಳು ಫೋಟೋ ಹೊತ್ತಿನ ತಲೆ ಎಣಿಕೆ ತೆಗೆದಳು. ನೂರ ಎಂಬತ್ತನಾಲ್ಕು. ಮೂವರು ಕಡಿಮೆ. ಡೆಲ್ಬರ್ಟ್ ಮೊದಲ ಸಾಲಿನ ನಟ್ಟನಡುವೆ ಹಲ್ಲು ಕಿರಿದು ನಿಂತಿದ್ದ, ಹಾಗಾಗಿ ಅವನಲ್ಲ. ಇಲ್ಲದವರಲ್ಲಿ ಒಬ್ಬ ಟೌ ಶಾಂಗ್, ಫೋನಿನಲ್ಲೇ ಶ್ರುತಿ ತೋರಿಸುವ ಆ್ಯಪ್ ಮಾರುವವನು, ಮಳಿಗೆ ಬಿಟ್ಟು ಬಂದಿರಲಿಲ್ಲ. ಇನ್ನೊಬ್ಬಳು ವಿಲ್ಮಾ. ಮೂರನೆಯವನು ಹಾರ್ಲನ್ ಬೋಡ್ರೊ. ಅವನು ಯಾವ ವರ್ಷವೂ ಫೋಟೋಗೆ ಬಂದವನಲ್ಲ. 'ಅದರಿಂದ ನನಗೇನು ಉಪಯೋಗ' ಎಂದು ಒಳಗೇ ಕೂರುತ್ತಿದ್ದ. ಔನೆ ಎರಡು ಹೆಸರು ಬರೆದುಕೊಂಡಳು.

ವಿಲ್ಮಾ ಊಟದ ಸಾಲಿನಲ್ಲೇ ಸಿಕ್ಕಳು. ಕೈಯಲ್ಲಿ ಕಾಡಕ್ಕಿ ಸೂಪಿನ ಬಟ್ಟಲು, ಮುಖದಲ್ಲಿ ನಿನ್ನೆಯ ಕೋಪ.

"ಬಾ ತಾಯಿ, ನನ್ನ ಜೇಬು ತಪಾಸಣೆ ಮಾಡ್ತೀಯಾ? ಸೂಪು ಚೆಲ್ಲುತ್ತೆ, ಹುಷಾರು."

"ಫೋಟೋ ಹೊತ್ತಲ್ಲಿ, ಹನ್ನೊಂದು ಗಂಟೆಗೆ ಎಲ್ಲಿದ್ದೆ ವಿಲ್ಮಾ?"

"ಸೇತುವೆ ಹತ್ರ ಗಾಳಿ ಕುಡೀತಿದ್ದೆ. ಇಪ್ಪತ್ತೆರಡು ವರ್ಷ ಉಪನ್ಯಾಸ ಕೊಟ್ಟೋಳ ಹೆಸರು ಕಾರ್ಯಕ್ರಮದಿಂದ ಕಿತ್ತು ಹಾಕಿದ್ರೆ, ಫೋಟೋಗೆ ನಕ್ಕೊಂಡು ನಿಲ್ಲೋಕಾಗುತ್ತಾ?"

"ಹೋದ ವರ್ಷ ಒಂಬತ್ತು ಜನ ಬಂದಿದ್ರು. ನಾಲ್ಕು ಜನ ನಿದ್ದೆ ಮಾಡ್ತಿದ್ರು."

"ಉಳಿದ ಐದು ಜನ ಎಚ್ಚರ ಇದ್ರಲ್ಲ!" ವಿಲ್ಮಾ ಚಮಚ ಝಾಡಿಸಿದಳು. ಆಮೇಲೆ ಅವಳ ದನಿ ಇಳಿಯಿತು. "ನೋಡೇ, ನೀನು ನಲವತ್ತು ಉಪನ್ಯಾಸ ತೆಗೆದು ಹಾಕಿ ಹನ್ನೆರಡು ಕೆಲಸದ ಮೇಜು ಹಾಕಿದೆ. ಎಲ್ಲರೂ ಕೈ ಕೊಳೆ ಮಾಡ್ಕೊಂಡು ಕಲೀಲಿ ಅಂದೆ. ನಿನ್ನೆ ನಾನೂ ಹೋಗಿ ಕೂತೆ. ಚೆನ್ನಾಗಿತ್ತು. ಅದೇ ನನಗೆ ಸಿಟ್ಟು. ನಿನಗಿಂತ ಮುಂಚೆ, ಹತ್ತೊಂಬತ್ತು ವರ್ಷದ ಹಿಂದಿನ ತನಕ, ಇದನ್ನ ನಡೆಸ್ತಿದ್ದೋಳು ನಾನು. ನನಗೆ ಯಾಕೆ ಹೊಳೀಲಿಲ್ಲ ಅಂತ. ಬೆಳಿಗ್ಗೆ ನಿನ್ನ ಕೋಣೆಗೆ ಕಾಫಿ ಹಿಡ್ಕೊಂಡು ಬಂದಿದ್ದೇ ಅದನ್ನ ಹೇಳೋಕೆ. ನೀನು ಸ್ನಾನದ ಮನೆಯಿಂದ ಆಚೆ ಬರೋ ಹೊತ್ತಿಗೆ ಧೈರ್ಯ ಹೋಯ್ತು."

ಔನೆ ಅವಳ ತೋಳು ಮುಟ್ಟಿ ಮುಂದೆ ನಡೆದಳು. ಗಡಿಯಾರ ಒಂದೂವರೆ ದಾಟಿತ್ತು.

ಟೌ ಶಾಂಗನನ್ನು ಅವಳು ಕೈ ಹಿಡಿದು ಎಳೆದುಕೊಂಡೇ ಬಂದಳು. ಮೂವತ್ತರ ಆಸುಪಾಸಿನ ಅವನು ದಾರಿಯುದ್ದಕ್ಕೂ ಗೊಣಗಿದ.

"ನೀವೂ ನನ್ನನ್ನೇ ಅನುಮಾನಿಸ್ತೀರಾ ಮೇಡಂ? ಎರಡು ದಿನದಿಂದ ಹಿರಿಯರೆಲ್ಲ ನನ್ನ ಮಳಿಗೆ ಮುಂದೆ ಹಾದುಹೋಗುವಾಗ ಕೆಮ್ತಾರೆ. ಒಬ್ಬರಂತೂ 'ಏನಪ್ಪಾ, ನಿನ್ನ ಫೋನಿಗೆ ಕಿವಿ ಚುಚ್ಚಿಸಿದ್ಯಾ' ಅಂದ್ರು."

"ನಿನ್ನ ಫೋನು ಇದನ್ನ ಕೇಳಿ ಏನು ಹೇಳುತ್ತೆ, ಅದು ಹೇಳು."

ಅವಳು ಧಾ ಒತ್ತಿದಳು. ಟೌ ಫೋನು ಹಿಡಿದ. ಹುಬ್ಬು ಗಂಟಿಕ್ಕಿದ. ಮತ್ತೆ ಒತ್ತಿಸಿದ. ಮುಚ್ಚಳ ಎತ್ತಿ, ಆ ಸ್ವರದ ಮೂರು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದ. ಅವನ ಗೊಣಗಾಟ ನಿಂತುಹೋಯಿತು.

"ವಿಚಿತ್ರವಾಗಿದೆ. ಇದು ಸೆಕೆಂಡಿಗೆ ನಾನೂರ ನಲವತ್ತು ಕಂಪನ ಇರ್ಬೇಕು. ಇಡೀ ಲೋಕಕ್ಕೆ ಅದೇ ಅಳತೆ. ನನ್ನ ಆ್ಯಪ್ ಇಟ್ಕೊಂಡು ಮಾಡಿದ್ರೆ ಅಷ್ಟೇ ಬರೋದು. ಇದು ನಾನೂರ ಮೂವತ್ತೆಂಟಿದೆ."

"ಅಂದ್ರೆ ಮಾಡಿದವರಿಗೆ ಕೆಲಸ ಬರಲ್ವಾ?"

"ಅದೇ ಮೇಡಂ ವಿಚಿತ್ರ! ಮೂರು ತಂತಿ ಒಂದಕ್ಕೊಂದು ಕೂಡಿರೋದು ನೋಡಿ. ಕೂದಲೆಳೆ ಜಾಗ ಇಲ್ಲ. ಇಷ್ಟು ಚೆನ್ನಾಗಿ ಮಷಿನ್ ಇಟ್ಕೊಂಡು ನನ್ನ ಕೈಲಾಗಲ್ಲ." ಅವನ ದನಿಯಲ್ಲಿ ಮೊದಲ ಬಾರಿಗೆ ವ್ಯಾಪಾರ ಇರಲಿಲ್ಲ. "ಕಿವಿ ಬಂಗಾರದ್ದು. ಕೈಲಿದ್ದ ಶ್ರುತಿಕವೆ ಮಾತ್ರ ತಪ್ಪು."

ತಪ್ಪು ಶ್ರುತಿಕವೆ.

ಔನೆ ಎದ್ದು ನಿಂತಳು. ತಟ್ಟಿ ಸ್ವರ ಹಿಡಿಯುವ ರೈನೋನ ಎರಡು ಕವಲಿನ ಶ್ರುತಿಕವೆ ಒಂದು ಚಳಿಗಾಲವಿಡೀ ದೋಣಿಯ ತಳದಲ್ಲಿ ಬಿದ್ದಿತ್ತು. ಕವಲಿನ ಬುಡಕ್ಕೆ ತುಕ್ಕು ಹಿಡಿದು ಅದರ ಸ್ವರ ಎರಡು ಕಂಪನದಷ್ಟು ಇಳಿದುಹೋಗಿತ್ತು. ಎಸೆಯಿರಿ ಎಂದರೆ, "ಪಾಪ, ಅದಕ್ಕೂ ವಯಸ್ಸಾಯ್ತು ಕಣೆ," ಎನ್ನುತ್ತಿದ್ದ. ಅವನನ್ನು ಮಣ್ಣು ಮಾಡಿದ ದಿನ ಅವಳೇ ಅದನ್ನು ಅವನ ಜೀವದ ಗೆಳೆಯನ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದಳು.

ದೀಪವಿಲ್ಲದ ಕೋಣೆ. ಒಂದೂ ಜರುಗದ ಅರವತ್ತು ಕುರ್ಚಿ. ಓದದೆ ಹೋದ ರಟ್ಟು. ಅಂಚು ಸವರಿಕೊಂಡು ಹೋದ ಬೆರಳು.

ಈ ಹೋಟೆಲಿನ ಪಿಯಾನೋಗಳನ್ನು ಇಪ್ಪತ್ತು ವರ್ಷ ನೋಡಿಕೊಂಡವನು, ಅಡುಗೆಮನೆ ಓಣಿಯ ಒಂದೊಂದು ತಿರುವೂ ಕಾಲಿಗೆ ಗೊತ್ತಿದ್ದವನು, ಎಂಟನೆಯ ವಯಸ್ಸಿಗೇ ಎರಡೂ ಕಣ್ಣು ಕಳೆದುಕೊಂಡವನು. ಫೋಟೋಗೆ ಎಂದೂ ನಿಲ್ಲದವನು. ತಾನು ಎಣಿಕೆಗೇ ಹಿಡಿಯದವನು.

"ಮೇಡಂ, ಮುಖ ಯಾಕೆ ಹಾಗಾಯ್ತು?" ಟೌ ಕೇಳಿದ.

ಅವಳು ಆಗಲೇ ಓಡುತ್ತಿದ್ದಳು.

ನಾಲ್ಕನೆಯ ಮಹಡಿಯಲ್ಲಿ ಹಾರ್ಲನ್ ಬೋಡ್ರೊನ ಬಾಗಿಲು ತೆರೆದೇ ಇತ್ತು. ಕೋಣೆಯಲ್ಲಿ ದೀಪವಿರಲಿಲ್ಲ, ಅವನಿಗೆ ಅದರ ಅಗತ್ಯವೂ ಇರಲಿಲ್ಲ. ಕಿಟಕಿಯಿಂದ ಸರೋವರದ ಬೂದು ಬೆಳಕು ಬೀಳುತ್ತಿತ್ತು. ಮುದುಕ ಮಂಚದ ಅಂಚಿನಲ್ಲಿ ಕುಳಿತಿದ್ದ. ಬಲಗೈ ಬೆರಳ ತುದಿಗಳಲ್ಲಿ ಇನ್ನೂ ಪಾಲಿಶ್ ಹೊಳೆಯುತ್ತಿತ್ತು. ಮಡಿಲಲ್ಲಿ ರೈನೋ ತನ್ನ ಕೈಯಾರೆ ಹಳೇ ಪಿಯಾನೋ ಮುಚ್ಚಳದಿಂದ ಮಾಡಿದ್ದ ಪೆಟ್ಟಿಗೆ.

"ಬಾ ಔನೆ. ಮೆಟ್ಟಿಲು ಹತ್ತಿ ಬಂದೆಯಾ? ಉಸಿರು ನೋಡು ಹೇಗಿದೆ. ಆ ಧಾ ಕೇಳಿಸ್ತು ಅಲ್ವಾ ನಿನಗೆ?"

"ಕೇಳಿಸ್ತು."

"ನನಗೆ ಗೊತ್ತಿತ್ತು, ಅದೇ ನನ್ನ ಹಿಡಿದು ಕೊಡುತ್ತೆ ಅಂತ. ಆದ್ರೂ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಇಡೀ ಪಿಯಾನೋನೇ ಕುಸಿದು ಕೂತಿತ್ತು, ಅದಕ್ಕೆ ರೈನೋನ ಕವೆಯೇ ಸರಿ ಅನ್ನಿಸ್ತು."

"ಹಾರ್ಲನ್!" ಅವಳು ಪೆಟ್ಟಿಗೆಗೆ ಕೈ ಚಾಚಿದಳು. "ನೀನಾ? ಈ ಸಮ್ಮೇಳನ ಉಳೀಬೇಕು ಅಂತ ಎಲ್ಲರಿಗಿಂತ ಮೊದಲು ಕೈ ಎತ್ತಿದೋನು ನೀನು. ಆ ಪೆಟ್ಟಿಗೆ ಮೂರು ಗಂಟೆಗೆ ಅಲ್ಲಿಲ್ಲದಿದ್ರೆ ಎಲ್ಲ ಮುಗೀತು. ಹತ್ತೊಂಬತ್ತು ವರ್ಷ, ಎಲ್ಲ! ಕೊಡು ಇಲ್ಲಿ."

ಅವನು ಕೊಡಲಿಲ್ಲ. ಪೆಟ್ಟಿಗೆಯ ಮೇಲೆ ಕೈ ಚಾಚಿ ಇಟ್ಟುಕೊಂಡ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಎಷ್ಟು ಚೀಟಿ?"

"ನೂರ ಎಂಬತ್ತೇಳು. ನಿನ್ನೆ ಸಂಜೆ ನಾನೇ ಬಾಗಿಲಲ್ಲಿ ನಿಂತು ಒಂದೊಂದೇ ಎಣಿಸಿ ಹಾಕಿಸ್ದೆ."

"ನಿನ್ನೆ ಸಂಜೆ ನನ್ನ ಚೀಟಿ ಹಾಕಿದಾಗ ಈ ಪೆಟ್ಟಿಗೆ ಎತ್ತಿ ನೋಡಿದ್ದೆ. ಕೊನೆಯವನು ನಾನೇ. ಇವತ್ತು ಬೆಳಿಗ್ಗೆ ನೀನು ಕೊರಳಿಂದ ಬೀಗದ ಕೈ ಬಿಡಿಸುವಾಗ 'ಸ್ವಲ್ಪ ಹಿಡ್ಕೋ' ಅಂತ ನನ್ನ ಕೈಗೆ ಕೊಟ್ಟೆ. ನೆನಪಿದೆಯಾ?"

"ಇದೆ."

"ಭಾರ ಬೇರೆ ಇತ್ತು."

ಹೊರಗೆ ಮತ್ತೊಂದು ಹಡಗು ಕೂಗಿತು. ಹಾರ್ಲನ್ ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿದ.

"ಅರವತ್ತೈದು ವರ್ಷದಿಂದ ನನ್ನ ಕೈಯೇ ನನಗೆ ಕಣ್ಣು. ಅದು ಸುಳ್ಳು ಹೇಳಲ್ಲ. ಮುಚ್ಚಳದ ಕೀಲು ಬಿಚ್ಚಿ ಎಣಿಸ್ದೆ. ಇನ್ನೂರ ಮೂವತ್ತೊಂದಿದೆ ಔನೆ. ನಲವತ್ತನಾಲ್ಕು ಹೆಚ್ಚಿಗೆ."

ಔನೆ ಕುರ್ಚಿ ಎಳೆದು ಅವನೆದುರು ಕುಳಿತಳು.

"ನಿಜವಾದ ಚೀಟಿಯೆಲ್ಲ ಒಂದೊಂದು ಥರ. ಒಬ್ಬ ಒತ್ತಿ ಬರೆದಿದ್ದಾನೆ, ಒಬ್ಬ ತೇಲಿಸಿ ಬರೆದಿದ್ದಾನೆ, ಒಬ್ಬ ಸಾರು ಚೆಲ್ಲಿದ್ದಾನೆ. ಆ ನಲವತ್ತನಾಲ್ಕೂ ಒಂದೇ ಕೈಯ ಒತ್ತು. ಬೇರೆ ಮಾಡಿಟ್ಟಿದ್ದೀನಿ. ಏನು ಬರೆದಿದೆ ಅಂತ ನನಗೆ ಕಾಣಲ್ಲ. ಇನ್ನೊಬ್ಬರ ಕೈಲಿ ಓದಿಸೋಕೆ ಧೈರ್ಯ ಬರ್ಲಿಲ್ಲ."

"ಯಾಕೆ? ನನ್ನನ್ನ ಯಾಕೆ ಕರೀಲಿಲ್ಲ?"

ಮುದುಕ ತಲೆ ತಗ್ಗಿಸಿದ.

"ರಾತ್ರಿಯೆಲ್ಲ ಪೆಟ್ಟಿಗೆ ನಿನ್ನ ಕೋಣೆಯಲ್ಲೇ ಇತ್ತಲ್ಲ ತಾಯಿ. ಖಾಲಿ ಚೀಟಿಗಳ ಕಟ್ಟೂ ನಿನ್ನ ಹತ್ರಾನೇ. ಎಲ್ಲರೆದುರು ಡೆಲ್ಬರ್ಟ್ ಎಣಿಸಿದ್ರೆ ಏನಾಗ್ತಿತ್ತು? ಸೋತ್ರೆ ಸೋಲ್ಲಿ, ರೈನೋನ ಹೆಂಡ್ತಿಗೆ ಕಳ್ಳಿ ಅನ್ನೋ ಹೆಸರು ಬರಬಾರದು ಅಂದ್ಕೊಂಡೆ. ಈಗ ಹೇಳು. ನೀನಾ ಮಾಡಿದ್ದು?"

ಅಷ್ಟು ಮೆತ್ತಗೆ ಯಾರೂ ಅವಳನ್ನು ಕಳ್ಳಿ ಎಂದು ಕರೆದಿರಲಿಲ್ಲ. ಅವಳು ಬೈಯಲು ಬಾಯಿ ತೆರೆದಳು.

"ಅಲ್ಲ," ಎಂದಳು. "ನಾನಲ್ಲ ಹಾರ್ಲನ್."

ಅವನು ಆ ಮಾತಿಗೆ ಕಿವಿಗೊಟ್ಟು ಕುಳಿತ, ತಂತಿ ಮೀಟಿ ಅದು ನಿಲ್ಲುವ ತನಕ ಕಾಯುವವನ ಹಾಗೆ. ಆಮೇಲೆ ಪೆಟ್ಟಿಗೆಯನ್ನು ಅವಳ ಕಡೆ ನೂಕಿದ.

"ಹಾಗಾದ್ರೆ ಓದು."

ಚಿಕ್ಕ ಕಟ್ಟಿಗೆ ಅವನು ರಬ್ಬರ್ ಹಾಕಿಟ್ಟಿದ್ದ. ಔನೆ ಕಿಟಕಿಯ ಹತ್ತಿರ ಹೋಗಿ ಚೀಟಿಗಳನ್ನು ಸರಸರ ತಿರುವಿದಳು. ಒಂದೊಂದರಲ್ಲೂ ಗುರುತು ಒಂದೇ ಚೌಕದಲ್ಲಿ. 'ನಮ್ಮ ಸಮ್ಮೇಳನ ನಮಗೇ ಇರಲಿ.' ನಲವತ್ತನಾಲ್ಕೂ ಅವಳ ಪರವಾಗಿ.

"ಯಾರ ಹೆಸರಿದೆ?" ಹಾರ್ಲನ್ ಕೇಳಿದ.

ಅವಳು ಓದತೊಡಗಿದಳು. ಮೊದಲ ಹೆಸರು ಕೇಳಿ ಅವನು ಹುಬ್ಬು ಏರಿಸಿದ. ಎರಡನೆಯದಕ್ಕೆ ತಲೆ ಎತ್ತಿದ. ಮೂರನೆಯ ಹೆಸರಿಗೆ ಅವನ ಕೈ ಜೇಬಿನಲ್ಲಿದ್ದ ಶ್ರುತಿಕವೆಯನ್ನು ಹುಡುಕಿ ಹಿಡಿಯಿತು.

"ಔನೆ, ಇವರೆಲ್ಲ..."

"ಹೌದು. ಯಾರೂ ಬದುಕಿಲ್ಲ."

ಕಡತದಿಂದ ಕಳೆದುಹೋದ ನೆನಪಿನ ಪಟ್ಟಿ. ಆ ಕಡತವೂ ಖಾಲಿ ಚೀಟಿಗಳ ಕಟ್ಟೂ ನಿನ್ನೆಯೆಲ್ಲ ಕೆಲಸದ ಮೇಜಿನ ಮೇಲೆ ಎಲ್ಲರ ಕೈಗೆ ಸಿಗುವ ಹಾಗೆ ಬಿದ್ದಿದ್ದವು. ಸಂಜೆ ಒಂದೊಂದೇ ಸ್ವರ ನುಡಿಸಿ ಓದಬೇಕಿದ್ದ ನಲವತ್ತನಾಲ್ಕು ಹೆಸರು. ಯಾರೋ ಸತ್ತವರ ಕೈಯಲ್ಲೂ ಈ ಸಮ್ಮೇಳನ ಉಳಿಸಿಕೊಡಿ ಎಂದು ಬರೆಸಿದ್ದರು.

ಕೊನೆಯ ಚೀಟಿಯನ್ನು ಅವಳು ಬೆಳಕಿಗೆ ಹಿಡಿದಳು. ರೈನೋ ಕಿವೆಲಾ. ಹೆಸರಿನ ಕೆಳಗೆ, ಸಲಹೆ ಬರೆಯುವ ಜಾಗದಲ್ಲಿ ಒಂದೇ ಸಾಲು: 'ಕಾಫಿ ಬಿಡುವು ಸಾಲದು. ಜನ ಮಾತಾಡೋದೇ ಆಗ.'

ಅದು ರೈನೋನ ಮಾತೇ. ಔನೆ ಈ ಕೆಲಸಕ್ಕೆ ಬರುವುದಕ್ಕೂ ಮೊದಲು ಪ್ರತಿ ವರ್ಷದ ಸಲಹೆ ಹಾಳೆಯಲ್ಲಿ ಅವನು ಇದನ್ನೇ ಬರೆದು ಕಳಿಸುತ್ತಿದ್ದ. ಆ ಹಾಳೆಗಳನ್ನು ಆಗ ಓದುತ್ತಿದ್ದವರು ಒಬ್ಬರೇ. ಇವತ್ತು ಬೆಳಿಗ್ಗೆ ಸ್ನಾನದ ಮನೆಯ ಬಾಗಿಲಾಚೆ, ಪೆಟ್ಟಿಗೆಯ ಪಕ್ಕದಲ್ಲಿ, ಕಾಫಿ ಹಿಡಿದು ನಿಂತಿದ್ದವರೂ ಅವರೇ, ವಿಲ್ಮಾ.

"ಹಾರ್ಲನ್," ಅವಳು ಪಿಸುಗುಟ್ಟಿದಳು, "ಇದನ್ನ ತಗೊಂಡ್ಹೋಗಿ ವೇದಿಕೆ ಮೇಲಿಟ್ರೆ ನಾನು ಕಳ್ಳಿ. ಈ ನಲವತ್ತನಾಲ್ಕು ತೆಗೆದಿಟ್ಟು ಹೋದ್ರೆ..."

"ಕೀಲು ಬಿಚ್ಚಿರೋದು ಕಾಣುತ್ತೆ. ಆಗಲೂ ನೀನೇ ಕಳ್ಳಿ."

"ಇಡದೇ ಹೋದ್ರೆ ಸಮ್ಮೇಳನವೇ ಇಲ್ಲ."

ಕಾರಿಡಾರಿನಲ್ಲಿ ಲಿಫ್ಟು ನಿಂತ ಸದ್ದಾಯಿತು. ಹೆಜ್ಜೆಗಳು. ಹಾರ್ಲನ್ ಕತ್ತು ವಾಲಿಸಿ ಆಲಿಸಿದ.

"ಮೂರು ಜನ," ಎಂದ ಮೆಲ್ಲಗೆ. "ಒಂದು ಡೆಲ್ಬರ್ಟ್‌ನ ಬೂಟು. ಒಬ್ಬ ಹೋಟೆಲಿನ ಕಾವಲಿನವನು, ಬೀಗದ ಕೈ ಗೊಂಚಲು ಸದ್ದು ಮಾಡ್ತಿದೆ. ಇನ್ನೊಂದು ಹೆಂಗಸಿನ ಹೆಜ್ಜೆ, ತಡೆದು ತಡೆದು ಬರ್ತಿದೆ."

ಔನೆ ನಲವತ್ತನಾಲ್ಕು ಚೀಟಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಅಡಗಿಸಲು ಹೊತ್ತಿರಲಿಲ್ಲ. ಅಡಗಿಸಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ತೆರೆದ ಬಾಗಿಲಲ್ಲಿ ಡೆಲ್ಬರ್ಟ್ ಸ್ಟ್ರಾಂಡ್ ನಿಂತ. ಅವನ ಕಣ್ಣು ಪೆಟ್ಟಿಗೆಯಿಂದ ಅವಳ ಕೈಗೆ ಬಂತು.

"ಪೆಟ್ಟಿಗೆ ಕದ್ದವರು ಯಾರೇ ಆಗಿರ್ಲಿ, ಅದರೊಳಗೆ ಸುಳ್ಳು ಚೀಟಿ ಇದೆ ಅಂತ ಈಗಷ್ಟೇ ನನಗೆ ಗೊತ್ತಾಯ್ತು ಔನೆ ಅವರೇ," ಎಂದ. "ಅದನ್ನ ಹಾಕಿದ್ದು ನೀವೇ ಅಂತ ಕಣ್ಣಾರೆ ಕಂಡವರೂ ಇದ್ದಾರೆ."

ಅವನು ಪಕ್ಕಕ್ಕೆ ಸರಿದ. ಹಿಂದೆ, ಖಾಲಿ ಸೂಪಿನ ಬಟ್ಟಲನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡು, ವಿಲ್ಮಾ ಓಸ್ಬಿ ನೆಲ ನೋಡುತ್ತ ನಿಂತಿದ್ದಳು. ಸತ್ತವರ ಚೀಟಿ ಬರೆದ ಕೈಯೇ, ಅದನ್ನು ಔನೆಯ ತಲೆಗೆ ಕಟ್ಟಲು ಸಾಕ್ಷಿಯಾಗಿ ಬಂದಿತ್ತು.